ಗಡಿಯಾರಕ್ಕೊಂದು ತೂತು

ಲೋಕದಲ್ಲಿ ಹಾವು ಹಿಡಿಯುವವರಿದ್ದಾರೆ, ಕೈ ನೋಡಿ ಮುಂದಾಗುವುದನ್ನು ಹೇಳುವವರಿದ್ದಾರೆ, ಹಸುವಿನ ಕಣ್ಣು ನೋಡಿ ಅದರ ಹೊಟ್ಟೆನೋವು ಕಂಡುಹಿಡಿಯುವವರಿದ್ದಾರೆ. ಗೋಡೆಯ ಮನಸ್ಸು ಬಲ್ಲವರು ಮಾತ್ರ ಒಬ್ಬರೇ ಇದ್ದರು. ಅವರನ್ನು ಜನ ಗೋಡೆ ಡಾಕ್ಟ್ರು ಎಂದು ಕರೆಯುತ್ತಿದ್ದರು. ಅವರ ಕೈಯಲ್ಲಿದ್ದದ್ದು ಒಂದು ಹ್ಯಾಮರ್ ಡ್ರಿಲ್ಲು. ಆ ಯಂತ್ರ ಹಿಡಿದು ಅವರು ಇಪ್ಪತ್ತೆರಡು ವರ್ಷ ಊರಿನ ಗೋಡೆಗಳಿಗೆಲ್ಲ ತೂತು ಹಾಕಿದ್ದರು. ಪರದೆಯ ಕಂಬಿಗೆ, ಕನ್ನಡಿಗೆ, ಅಡುಗೆಮನೆಯ ಹಲಗೆಗೆ, ಸತ್ತವರ ಫೋಟೋಕ್ಕೆ, ಬದುಕಿದ್ದವರ ಟೀವಿಗೆ. ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅವರ ಡ್ರಿಲ್ಲು ಗೋಡೆಯೊಳಗಿನ ನೀರಿನ ಪೈಪಿಗೆ ತಾಗಿರಲಿಲ್ಲ, ಕರೆಂಟಿನ ವೈರು ಕಡಿದಿರಲಿಲ್ಲ.

ಇದಕ್ಕೆ ಕಾರಣ ಅವರ ಒಂದು ಅಭ್ಯಾಸ ಎಂದು ಎಲ್ಲರೂ ನಂಬಿದ್ದರು. ಡಾಕ್ಟ್ರು ಏಣಿ ಹತ್ತುತ್ತಿದ್ದರು. ಹತ್ತಿದ ಮೇಲೆ ಯಂತ್ರವನ್ನು ಒಂದು ಕೈಯಲ್ಲಿ ಇಳಿಬಿಟ್ಟು, ಕಣ್ಣು ಮುಚ್ಚಿ, ಹಣೆಯನ್ನು ಮೆಲ್ಲಗೆ ಗೋಡೆಗೆ ಆನಿಸಿ ನಿಲ್ಲುತ್ತಿದ್ದರು. ಹತ್ತು ಹನ್ನೆರಡು ಎಣಿಸುವಷ್ಟು ಹೊತ್ತು. ಕೋಣೆಯಲ್ಲಿದ್ದವರು ಆಗ ಉಸಿರು ಬಿಗಿಹಿಡಿಯುತ್ತಿದ್ದರು. ಮಾತಾಡುತ್ತಿದ್ದವರು ಮಾತು ನಿಲ್ಲಿಸುತ್ತಿದ್ದರು, ಮಿಕ್ಸಿ ತಿರುಗಿಸುತ್ತಿದ್ದವರು ಮಿಕ್ಸಿ ನಿಲ್ಲಿಸುತ್ತಿದ್ದರು. ಆಮೇಲೆ ಡಾಕ್ಟ್ರು ಕಣ್ಣು ತೆರೆದು, ಗೋಡೆಯಿಂದ ಒಪ್ಪಿಗೆ ಸಿಕ್ಕಿತು ಎಂಬಂತೆ ಒಂದು ಉಸಿರು ಬಿಟ್ಟು, ಯಂತ್ರ ಎತ್ತುತ್ತಿದ್ದರು.

ಇಸ್ತ್ರಿ ಅಂಗಡಿಯವನ ಪ್ರಕಾರ, ಪೈಪು ಎಲ್ಲಿದೆ ಎಂದು ಗೋಡೆಯೇ ಅವರ ಕಿವಿಯಲ್ಲಿ ಹೇಳುತ್ತಿತ್ತು. ಹಣೆಯಲ್ಲಿ ಕಿವಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಎರಡನೇ ಮಹಡಿಯ ಹೆಂಗಸೊಬ್ಬರು, ಡಾಕ್ಟ್ರು ತಮ್ಮ ಗೋಡೆಗೆ ಹಣೆಯಿಟ್ಟ ಮರುತಿಂಗಳೇ ಪಕ್ಕದ ಮನೆಯ ಜಗಳಗಂಟರು ಮನೆ ಖಾಲಿ ಮಾಡಿದರೆಂದು ಹೇಳಿಕೊಂಡು ತಿರುಗಿದರು. ಇನ್ನೊಬ್ಬ ಡ್ರಿಲ್ಲಿನವನು ಈ ವಿದ್ಯೆಯನ್ನು ಕದ್ದು, ತಾನೂ ಒಂದು ಗೋಡೆಗೆ ಹಣೆಯಿಟ್ಟು, ಭಕ್ತಿಯಿಂದ ನೂರು ಎಣಿಸಿ, ಮರುಕ್ಷಣವೇ ಇಡೀ ಮಹಡಿಯ ಕರೆಂಟು ತೆಗೆದಿದ್ದ. ಹಣೆಯೇ ಬೇರೆ ಇರಬೇಕು ಎಂದು ಜನ ತೀರ್ಮಾನಿಸಿದರು. ಡಾಕ್ಟ್ರು ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಿರಲಿಲ್ಲ. ತುಟಿಯ ಕೊನೆಯಲ್ಲಿ ಕಾಲುಭಾಗ ನಗೆ ಇಟ್ಟುಕೊಂಡು ವೈರು ಸುತ್ತಿ ಚೀಲಕ್ಕೆ ಹಾಕುತ್ತಿದ್ದರು.

ಅವರ ಯಂತ್ರವೂ ಯಜಮಾನನಿಗೆ ತಕ್ಕದ್ದೇ. ಬಣ್ಣವೆಲ್ಲ ಸವೆದು, ಯಾವ ಗುಂಡಿ ಯಾವುದಕ್ಕೆ ಎಂದು ಬರೆದಿದ್ದ ಗುರುತುಗಳೆಲ್ಲ ಅವರ ಅಂಗೈಗೆ ಅಂಟಿ ಎಂದೋ ಹೊರಟುಹೋಗಿದ್ದವು. ಮೇಲೊಂದು ತಿರುಪು: ಈ ಕಡೆಗೆ ತಿರುಗಿಸಿದರೆ ಯಂತ್ರ ಬರೀ ಸುತ್ತುತ್ತದೆ, ಆ ಕಡೆಗೆ ತಿರುಗಿಸಿದರೆ ಸುತ್ತುತ್ತಲೇ ಬಡಿಯುತ್ತದೆ. ಬೆರಳಿಗೆ ಸಿಗುವ ಕುದುರೆ: ಮೆಲ್ಲಗೆ ಒತ್ತಿದರೆ ನಡಿಗೆ, ಗಟ್ಟಿಯಾಗಿ ಒತ್ತಿದರೆ ಓಟ. ಪಕ್ಕದಲ್ಲೊಂದು ಕಬ್ಬಿಣದ ಕಡ್ಡಿ: ಎಷ್ಟು ಆಳ ಬೇಕೋ ಅಷ್ಟಕ್ಕೆ ಅದನ್ನು ಸರಿಸಿ ಬಿಗಿ ಮಾಡಿದರೆ, ಅಷ್ಟು ಕೊರೆದ ಮೇಲೆ ಕಡ್ಡಿಯ ತುದಿ ಗೋಡೆಗೆ ತಾಗಿ ಸಾಕು ಎನ್ನುತ್ತದೆ. ಕೊನೆಯದಾಗಿ ಹೆಬ್ಬೆರಳ ಹತ್ತಿರ ಒಂದು ಪುಟ್ಟ ಗುಂಡಿ. ಅದನ್ನು ಒತ್ತಿದರೆ ಕುದುರೆ ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ. ಬೆರಳು ತೆಗೆದರೂ ಯಂತ್ರ ಓಡುತ್ತಿರುತ್ತದೆ. ಒಳ್ಳೆಯ ಮನೆತನದ ಯಂತ್ರಗಳಲ್ಲಿ ಕುದುರೆಯನ್ನು ಮತ್ತೊಮ್ಮೆ ಒತ್ತಿದರೆ ಗುಂಡಿ ಬಿಟ್ಟುಕೊಡುತ್ತದೆ. ಡಾಕ್ಟ್ರ ಯಂತ್ರದಲ್ಲಿ ಹಾಗಿಲ್ಲ. ಎಡಗೈಯ ಬುಡದಿಂದ ಒಂದು ನಿರ್ದಿಷ್ಟ ಜಾಗಕ್ಕೆ, ಮಗುವಿನ ಬೆನ್ನಿಗೆ ತಟ್ಟುವಷ್ಟೇ ಮೆಲ್ಲಗೆ ತಟ್ಟಬೇಕು. ಆ ಜಾಗ ಡಾಕ್ಟ್ರಿಗೆ ಮಾತ್ರ ಗೊತ್ತಿತ್ತು. ಹಾಗಾಗಿ ಆ ಯಂತ್ರವನ್ನು ಅವರು ಯಾರ ಕೈಗೂ ಕೊಟ್ಟವರಲ್ಲ.

ಕೊಟ್ಟದ್ದು ಒಂದೇ ಸಲ. ಅದಕ್ಕೆ ಹಿನ್ನೆಲೆಯಾಗಿ ಅಕ್ಕತಂಗಿಯರ ಆರು ವರ್ಷದ ಯುದ್ಧವನ್ನು ಹೇಳಬೇಕು.

ಡಾಕ್ಟ್ರ ಹೆಂಡತಿಗೆ ಒಬ್ಬಳೇ ಅಕ್ಕ. ಇಬ್ಬರ ತಾಯಿ ತೀರಿಕೊಂಡಾಗ ಹಂಚಿಕೊಳ್ಳಲು ಉಳಿದದ್ದು ಲೋಲಕದ ಒಂದು ಗೋಡೆ ಗಡಿಯಾರ. ಬೇರೆ ಮನೆಗಳಲ್ಲಾದರೆ ನನಗೆ ಬೇಕು ನನಗೆ ಬೇಕು ಎಂದು ಕಿತ್ತಾಡುತ್ತಿದ್ದರು. ಇವರಿಬ್ಬರೂ ಸುಸಂಸ್ಕೃತರು, ನೀನೇ ಇಟ್ಟುಕೋ, ಇಲ್ಲ ನೀನೇ ಇಟ್ಟುಕೋ ಎಂದು ಶುರು ಮಾಡಿದರು. ಮೊದಲ ಅರ್ಧ ಗಂಟೆ ಕಣ್ಣೀರು ಬರುವಷ್ಟು ಪ್ರೀತಿಯಿತ್ತು. ಎರಡನೇ ಅರ್ಧ ಗಂಟೆಯಲ್ಲಿ, ನೀನು ಮೊದಲಿನಿಂದಲೂ ದೊಡ್ಡ ಮನಸ್ಸು ತೋರಿಸಿ ನನ್ನನ್ನು ಚಿಕ್ಕವಳನ್ನಾಗಿ ಮಾಡುವವಳೇ ಎಂಬ ಮಾತು ಬಂತು. ಅದಾದ ಮೇಲೆ ಸಣ್ಣವರಿದ್ದಾಗಿನ ಒಂದು ಜಡೆಯ ರಿಬ್ಬನ್ನಿನ ವಿಷಯ ಬಂತು. ಸಂಜೆಯ ಹೊತ್ತಿಗೆ ತಂಗಿ ಗಡಿಯಾರವನ್ನು ಅಕ್ಕನ ಮಂಚದ ಮೇಲೆ ಬಿಟ್ಟು, ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ಹೊರಟುಬಂದಳು. ಅಕ್ಕ ಗಡಿಯಾರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಗೋಡೆಗೆ ಹಾಕಿದರೆ ತಾನೇ ಇಟ್ಟುಕೊಂಡೆ ಎಂದು ಒಪ್ಪಿದಂತಾಗುತ್ತಿತ್ತಲ್ಲ. ಆರು ವರ್ಷ ಅದು ಹಾಗೇ ಮಲಗಿತ್ತು. ಫೋನಿಲ್ಲ, ಪತ್ರವಿಲ್ಲ, ದಾರಿಯಲ್ಲಿ ಎದುರಾದರೆ ಅಂಗಡಿಯ ಬೋರ್ಡು ಓದುವುದು.

ಒಂದು ಶುಕ್ರವಾರ ಅಕ್ಕನ ಫೋನು ಬಂತು. ಅಮ್ಮನ ಗಡಿಯಾರ ಆರು ತಿಂಗಳು ಇಲ್ಲಿರಲಿ, ಆರು ತಿಂಗಳು ಅಲ್ಲಿರಲಿ. ಭಾನುವಾರ ಡಾಕ್ಟ್ರನ್ನು ಕರಕೊಂಡು ಬಾ, ಗೋಡೆಗೊಂದು ತೂತು ಹಾಕಿಕೊಡಲಿ. ಇಷ್ಟು ಹೇಳಲು ಅಕ್ಕ ಮೂರು ಸಲ ಕೆಮ್ಮಿದಳಂತೆ. ತಂಗಿ ಫೋನಿಟ್ಟು ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಆಮೇಲೆ ಗಂಡನ ಮುಂದೆ ಬಂದು ನಿಂತಳು.

"ರೀ, ನೋಡಿ. ಅಲ್ಲಿ ಹೋಗಿ ನಿಮ್ಮ ಬುದ್ಧಿವಂತಿಕೆ ತೆಗೀಬೇಡಿ. ಅಕ್ಕ ಏನು ಹೇಳಿದ್ರೂ ಹೂಂ ಅನ್ನಿ. ಭಾವ ಏನು ಹೇಳಿದ್ರೂ ಹೂಂ ಅನ್ನಿ. ಈ ಸಲ ಕೆಟ್ರೆ ಇನ್ನು ಈ ಜನ್ಮದಲ್ಲಿ ಇಲ್ಲ."

"ಹೂಂ," ಎಂದರು ಡಾಕ್ಟ್ರು. ಅಭ್ಯಾಸ ಅಲ್ಲಿಂದಲೇ ಶುರುವಾಯಿತು.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅವರು ಅತ್ತಿಗೆಯ ಮನೆ ತಲುಪಿದರು. ನಾಲ್ಕು ಮಹಡಿಯ ಕಟ್ಟಡದ ಮೂರನೇ ಮಹಡಿ. ಅಕ್ಕತಂಗಿಯರು ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡಿ, ಬಿಸಿಲು ಜಾಸ್ತಿ ಅಲ್ವಾ ಎಂದು ಒಟ್ಟಿಗೇ ಹೇಳಿ, ಒಟ್ಟಿಗೇ ಸುಮ್ಮನಾಗಿ, ಅಡುಗೆಮನೆಗೆ ಹೋದರು. ಒಳಗಿಂದ ಲೋಟಗಳ ಸದ್ದು ಮಾತ್ರ ಬರುತ್ತಿತ್ತು. ಶಾಂತಿ ಇನ್ನೂ ತೆವಳುತ್ತಿತ್ತು.

ಹಾಲ್‌ನಲ್ಲಿ ಅಕ್ಕನ ಗಂಡ, ಅಂದರೆ ಡಾಕ್ಟ್ರ ಷಡ್ಡಕರು, ಕಾದು ನಿಂತಿದ್ದರು. ಅವರು ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುವವರು. ಯಂತ್ರಗಳ ಜೊತೆ ಬರುವ ಸೂಚನೆಯ ಪುಸ್ತಿಕೆಗಳೆಲ್ಲ ಅವರ ಕಣ್ಣ ಕೆಳಗೇ ಹಾದುಹೋಗಿದ್ದವು. ಬಟ್ಟೆ ಒಗೆಯುವ ಯಂತ್ರವನ್ನಾಗಲಿ, ಹುಲ್ಲು ಕತ್ತರಿಸುವ ಯಂತ್ರವನ್ನಾಗಲಿ ಅವರು ಒಂದು ದಿನವೂ ಮುಟ್ಟಿದವರಲ್ಲ; ಆದರೆ ಎರಡರ ಬಗೆಗೂ ಪುಟಸಂಖ್ಯೆ ಸಮೇತ ಹೇಳಬಲ್ಲರು. ಡಾಕ್ಟ್ರು ಚೀಲದಿಂದ ಡ್ರಿಲ್ಲು ತೆಗೆದದ್ದೇ ತಡ, ಷಡ್ಡಕರ ಮುಖದಲ್ಲಿ ಬಹುಕಾಲ ಓಲೆಯಲ್ಲಿ ಮಾತ್ರ ಪರಿಚಯವಿದ್ದವರನ್ನು ಎದುರಿಗೆ ಕಂಡ ಸಂತೋಷ ಬಂತು.

"ಆಯ್ಕೆಯ ತಿರುಪು," ಎಂದರು ಬೊಟ್ಟು ಮಾಡಿ. "ಒಂಬತ್ತನೇ ಪುಟ."

"ಹೂಂ," ಎಂದರು ಡಾಕ್ಟ್ರು.

ಅವರು ತಮ್ಮ ಕೆಲಸಕ್ಕೆ ತೊಡಗಿದರು. ಜನ ಯಾರೂ ಗಮನಿಸದ ಕೆಲಸ ಅದು. ಗೋಡೆಯ ಆಚೆ ಏನಿದೆ ಎಂದು ನೋಡಲು ಬಚ್ಚಲಮನೆಗೆ ಹೋದರು. ನಲ್ಲಿ ಎಲ್ಲಿದೆ, ಷವರು ಎಲ್ಲಿದೆ ನೋಡಿ, ಗೇಣಿನಿಂದ ಅಳೆದು, ಹಾಲಿಗೆ ಬಂದು ಈ ಕಡೆಯೂ ಅಳೆದರು. ಅತ್ತಿಗೆ ಗಡಿಯಾರ ಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿಟ್ಟಿದ್ದ ಜಾಗಕ್ಕೆ ನೇರ ಹಿಂದೆಯೇ ಷವರಿನ ಪೈಪು ಇಳಿದಿತ್ತು. ಒಂದು ಮೊಳ ಪಕ್ಕಕ್ಕೆ ಹಾಕಿದರೆ ಚೆನ್ನಾಗಿರುತ್ತೆ ಎಂದು ಹೇಳಲು ಡಾಕ್ಟ್ರು ಬಾಯಿ ತೆರೆದರು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿಯ ಕಣ್ಣು ಕಂಡಿತು. ಬಾಯಿ ಮುಚ್ಚಿದರು. ಪೈಪು ಹೇಗೂ ಗೋಡೆಯ ಬಚ್ಚಲಿನ ಮೈಯ ಕಡೆಗಿತ್ತು. ಈ ಕಡೆಯಿಂದ ಮೂರು ಇಂಚು ಒಳಗೆ. ಗಡಿಯಾರದ ಕೊಕ್ಕೆಗೆ ಎರಡು ಇಂಚು ಧಾರಾಳ. ಕಡ್ಡಿಯನ್ನು ಸರಿಯಾಗಿ ಎರಡು ಇಂಚಿಗೆ ಸರಿಸಿ ಬಿಗಿ ಮಾಡಿದರು. ಗುರುತು ಇದ್ದದ್ದು ಚಾವಣಿಗೆ ಒಂದು ಮೊಳ ಕೆಳಗೆ. ಆರು ಮೆಟ್ಟಿಲಿನ ಏಣಿ. ಡಾಕ್ಟ್ರು ಏಣಿಯನ್ನು ಎರಡು ಸಲ ಅಲುಗಿಸಿ ನೋಡಿ, ಅಂಗೈ ಪ್ಯಾಂಟಿಗೆ ಒರೆಸಿಕೊಂಡು, ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

"ತಡಿ ತಡಿ," ಎಂದರು ಷಡ್ಡಕರು. "ಮೂವತ್ತು ವರ್ಷದಿಂದ ಓದಿದೀನಪ್ಪಾ. ಒಂದು ಸಲ ನಾನು ಒತ್ತಲಾ?"

ಇಪ್ಪತ್ತೆರಡು ವರ್ಷದ ನಿಯಮ ಡಾಕ್ಟ್ರ ಗಂಟಲಿಗೆ ಬಂದು ನಿಂತಿತು. ಬೇಡ ಎನ್ನಲು ಎರಡಕ್ಷರ ಸಾಕು. ಆದರೆ ಅಡುಗೆಮನೆಯಲ್ಲಿ ಆಗತಾನೇ ಯಾರೋ ಮೆಲ್ಲಗೆ ನಕ್ಕಿದ್ದರು. ಆರು ವರ್ಷದಲ್ಲಿ ಮೊದಲ ನಗೆ, ಅಕ್ಕನದೋ ತಂಗಿಯದೋ ತಿಳಿಯಲಿಲ್ಲ. ಆ ನಗೆಯ ಮೇಲೆ ಬೇಡ ಎಂಬ ಕಲ್ಲು ಹಾಕುವುದು ಹೇಗೆ?

"ಹೂಂ," ಎಂದರು ಡಾಕ್ಟ್ರು.

ಷಡ್ಡಕರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಕನ್ನಡಕ ಸರಿ ಮಾಡಿಕೊಂಡು, ಯಂತ್ರ ಹಿಡಿದು ಏಣಿ ಏರಿದರು. ಏಣಿ ಟೈಲ್ಸಿನ ಮೇಲೆ ಜಾರುವ ಜಾತಿಯದು. ಡಾಕ್ಟ್ರು ಎರಡೂ ಕೈಯಿಂದ ಅದನ್ನು ಅಪ್ಪಿ ಹಿಡಿದು, ಪಾದದಿಂದ ಅದರ ಕಾಲನ್ನು ಅದುಮಿ ನಿಂತರು. ಮೇಲಿಂದ ಪಾಠ ಶುರುವಾಯಿತು. ತಿರುಪನ್ನು ಸುತ್ತು ಮತ್ತು ಬಡಿತಕ್ಕೆ ಇಡಬೇಕು. ಇಟ್ಟರು. ಕುದುರೆಯನ್ನು ಮೊದಲು ಮೆಲ್ಲಗೆ. ಒತ್ತಿದರು. ಯಂತ್ರ ಗುರ್ರ್ ಎಂದದ್ದಕ್ಕೆ ಷಡ್ಡಕರು ಆನಂದದಿಂದ ಒಂದು ಸಣ್ಣ ಕೂಗು ಹಾಕಿದರು. ಆಮೇಲೆ ಪಕ್ಕದ ಕಡ್ಡಿ ಕಣ್ಣಿಗೆ ಅಡ್ಡ ಬರುತ್ತದೆ, ಪುಸ್ತಿಕೆಯಲ್ಲಿ ಅದನ್ನು ಬೇಕಿದ್ದರೆ ಮಾತ್ರ ಎಂದು ಬರೆದಿದೆ ಎಂದು ಹೇಳುತ್ತ, ಅದರ ತಿರುಪು ಸಡಿಲಿಸಿ, ಕಡ್ಡಿಯನ್ನು ಎಳೆದು ಜೇಬಿಗೆ ಹಾಕಿಕೊಂಡರು.

"ಭಾವ, ಅದು—" ಎಂದರು ಡಾಕ್ಟ್ರು.

"ಹದಿನಾಲ್ಕನೇ ಪುಟ," ಎಂದರು ಷಡ್ಡಕರು. "ಬೆರಳಿಗೆ ಆಯಾಸವಾಗದಂತೆ ನಿರಂತರ ಚಾಲನೆ." ಹೆಬ್ಬೆರಳಿನಿಂದ ಆ ಪುಟ್ಟ ಗುಂಡಿಯನ್ನು ಒತ್ತಿದರು.

ಆಮೇಲೆ ನಡೆದದ್ದು ಯಂತ್ರ ಒಂದು ಕಡೆ, ಮನುಷ್ಯಕುಲ ಇನ್ನೊಂದು ಕಡೆ ನಿಂತು ಮಾಡಿದ ಯುದ್ಧ. ಡ್ರಿಲ್ಲು ಗೋಡೆಯನ್ನು ಕಂಡ ಖುಷಿಯಲ್ಲಿ ಬಡಿಯುತ್ತ ಒಳಗೆ ಹೊರಟಿತು. ಷಡ್ಡಕರು ಕುದುರೆ ಬಿಟ್ಟರು, ಅದು ನಿಲ್ಲಲಿಲ್ಲ. ಮತ್ತೆ ಒತ್ತಿ ಬಿಟ್ಟರು. ಪುಸ್ತಿಕೆಯ ಪ್ರಕಾರ ಆಗಲೇಬೇಕಾದದ್ದು ಆಗಲಿಲ್ಲ. ಗಾಬರಿಯಾದ ಮನುಷ್ಯ ಹಿಂದಕ್ಕೆ ಎಳೆಯಬೇಕು. ಏಣಿಯ ಮೇಲೆ ಗಾಬರಿಯಾದ ಮನುಷ್ಯ ಇದ್ದದ್ದನ್ನು ಅವಚಿಕೊಳ್ಳುತ್ತಾನೆ. ಷಡ್ಡಕರು ಮೈಯ ಭಾರವನ್ನೆಲ್ಲ ಯಂತ್ರದ ಮೇಲೆ ಹಾಕಿ ಗೋಡೆಗೆ ಒರಗಿದರು. ಸಿಮೆಂಟಿನ ಧೂಳು ಅವರ ತಲೆ, ಹುಬ್ಬು, ಕನ್ನಡಕಗಳ ಮೇಲೆ ಹಿಟ್ಟಿನಂತೆ ಬಿತ್ತು. ಕೆಳಗೆ ಡಾಕ್ಟ್ರಿಗೆ ಕಂಡದ್ದು ಎರಡು ದಾರಿ. ಸ್ವಿಚ್ಚು ಆ ಮೂಲೆಯಲ್ಲಿತ್ತು. ಏಣಿ ಬಿಟ್ಟು ಓಡಿದರೆ ಯಂತ್ರ ನಿಲ್ಲುತ್ತದೆ, ಭಾವ ಬೀಳುತ್ತಾರೆ. ಏಣಿ ಹಿಡಿದರೆ ಭಾವ ಉಳಿಯುತ್ತಾರೆ, ಗೋಡೆ ಉಳಿಯುವುದಿಲ್ಲ. ತಟ್ಟಬೇಕಾದ ಜಾಗ ತಮ್ಮ ತಲೆಯಿಂದ ಮೂರು ಅಡಿ ಮೇಲೆ, ಇಪ್ಪತ್ತೆರಡು ವರ್ಷದ ವಿದ್ಯೆ ಪೂರ್ತಿ ಅಂಗೈಯಲ್ಲಿ, ಆ ಅಂಗೈ ಏಣಿಗೆ ಅಂಟಿಕೊಂಡಿದೆ. ಅವರು ಕೂಗಿದರು. ಆ ಸದ್ದಿನಲ್ಲಿ ಅವರ ಕೂಗು ಅವರಿಗೇ ಕೇಳಲಿಲ್ಲ. ಒಂದು ಇಂಚು, ಎರಡು ಇಂಚು ಎಂದು ಮನಸ್ಸಿನಲ್ಲೇ ಎಣಿಸುತ್ತ, ತಮ್ಮ ಹೆಸರು ಗೋಡೆಯೊಳಗೆ ಇಳಿಯುವುದನ್ನು ನೋಡುತ್ತ ನಿಂತರು.

ಕೊನೆಗೆ ಎಡಗಾಲನ್ನು ಆದಷ್ಟು ಚಾಚಿ, ನೆಲದ ಮೇಲಿನ ವೈರನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಜಗ್ಗಿದರು. ಪ್ಲಗ್ಗು ಕಿತ್ತು ಬಂತು. ಯಂತ್ರ ನಿಂತಿತು. ಅದೇ ಹೊತ್ತಿಗೆ ಗೋಡೆಯಿಂದ ಉದುರುತ್ತಿದ್ದ ಧೂಳು ಕೆಸರಾಗಿ ಇಳಿಯತೊಡಗಿತು.

ಡಾಕ್ಟ್ರಿಗೆ ಮತ್ತೇನೂ ಹೇಳಬೇಕಾಗಿರಲಿಲ್ಲ. ಭಾವನವರನ್ನು ಒಂದು ತೋಳಿನಿಂದ ಕೆಳಗಿಳಿಸಿಕೊಳ್ಳುತ್ತಲೇ ಇನ್ನೊಂದು ಪಕ್ಕದಿಂದ ತಾವು ಏರಿ, ಯಂತ್ರದ ಹಿಡಿಯನ್ನು ಎದೆಗೆ ಆನಿಸಿ ಒತ್ತಿ ಹಿಡಿದರು. ಡ್ರಿಲ್ಲಿನ ಮೊನೆ ಪೈಪಿನೊಳಗೇ ಇತ್ತು. ಒತ್ತಿ ಹಿಡಿದಷ್ಟು ಹೊತ್ತು ಅದೇ ಬಿರಡೆ. ಒಂದು ಕೂದಲೆಳೆ ಸಡಿಲಿಸಿದರೂ ನೀರು ಬೀಸಣಿಗೆಯಂತೆ ಹರಡಿ ಹಾಲಿನ ಮೂಲೆಯ ಮಂಚದವರೆಗೆ ಚಿಮ್ಮುತ್ತಿತ್ತು. ಮಂಚದ ಮೇಲೆ ಬೆಡ್‌ಶೀಟು ಬಿಚ್ಚಿದ ಗಡಿಯಾರ ಮಲಗಿತ್ತು.

ಇಷ್ಟು ಹೊತ್ತಿನ ಗದ್ದಲಕ್ಕೆ ಬಾರದ ಹೆಂಗಸರು ಗದ್ದಲ ನಿಂತದ್ದಕ್ಕೆ ಅನುಮಾನಗೊಂಡು ಓಡಿಬಂದರು. ಇಬ್ಬರೂ ಮೊದಲು ಕಂಡದ್ದು ನೀರು, ಆಮೇಲೆ ಗಡಿಯಾರ. ಇಬ್ಬರೂ ಅದರ ಮೇಲೆ ಬಿದ್ದು, ಒಂದೊಂದು ಕಡೆ ಹಿಡಿದು ಎತ್ತಿದರು. ಎತ್ತಿದ ಮೇಲೆ ಯಾರೂ ಬಿಡಲಿಲ್ಲ.

"ಇಪ್ಪತ್ತೆರಡು ವರ್ಷದಲ್ಲಿ ಎಲ್ಲೂ ಆಗದೆ ಇದ್ದದ್ದು ನನ್ನ ಗೋಡೇಲೇ ಆಗ್ಬೇಕಿತ್ತಾ ಡಾಕ್ಟ್ರೇ?" ಎಂದಳು ಅಕ್ಕ. ಧ್ವನಿ ತಣ್ಣಗಿತ್ತು. "ತೂತು ಹಾಕಿದ್ದು ನೀವು ತಾನೇ?"

ಡಾಕ್ಟ್ರು ಏಣಿಯ ಐದನೇ ಮೆಟ್ಟಿಲ ಮೇಲಿದ್ದರು. ಹಣೆ ಗೋಡೆಗೆ ಒತ್ತಿತ್ತು, ಕಣ್ಣು ಮುಚ್ಚಿತ್ತು. ನಿಜ ಹೇಳಿದರೆ ಅತ್ತಿಗೆ ತನ್ನ ಗಂಡನನ್ನು ಬಯ್ಯುತ್ತಾಳೆ, ಗಂಡ ಮುಖ ಊದಿಸುತ್ತಾನೆ, ಗಡಿಯಾರ ಮತ್ತೆ ಬೀರುವಿನ ಮೇಲೆ ಹೋಗುತ್ತದೆ. ಸುಳ್ಳು ಹೇಳಿದರೆ ಇಪ್ಪತ್ತೆರಡು ವರ್ಷ ಹೋಗುತ್ತದೆ.

"ಹೂಂ," ಎಂದರು.

ಅವಳ ಬೆನ್ನ ಹಿಂದೆ ಷಡ್ಡಕರು ಏನೋ ಹೇಳಲು ಹೋದರು. ಬಾಯಲ್ಲಿದ್ದದ್ದು ಸಿಮೆಂಟು, ಕೆಮ್ಮು ಮಾತ್ರ ಬಂತು. ಕನ್ನಡಕ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ನೀರು ನಿಲ್ಲಿಸುತ್ತೇನೆಂದು ಬಚ್ಚಲಿಗೆ ಧಾವಿಸಿದರು. ಅಲ್ಲಿ ಆ ಮನೆಯದೇ ಒಂದು ವಾಲ್ವಿತ್ತು. ತುಕ್ಕು ಹಿಡಿದ ಅದರ ಹಿಡಿಯನ್ನು ತಿರುಗಿಸಿದಾಗ ಹಿಡಿ ಅವರ ಕೈಗೆ ಬಂತು, ವಾಲ್ವು ಗೋಡೆಯಲ್ಲೇ ಉಳಿಯಿತು. ಇನ್ನು ಉಳಿದದ್ದು ತಾರಸಿಯ ಟ್ಯಾಂಕಿನ ವಾಲ್ವು. ತಾರಸಿಗೆ ಬೀಗ. ಬೀಗದ ಕೈ ಕಟ್ಟಡದ ಸೆಕ್ರೆಟರಿಯ ಜೇಬಿನಲ್ಲಿ. ಸೆಕ್ರೆಟರಿ ಊರಿನ ಆ ತುದಿಯ ಕಣ್ಣಿನ ಆಸ್ಪತ್ರೆಯಲ್ಲಿ. ಷಡ್ಡಕರು ತಲೆ ಕೊಡವಿಕೊಂಡು, ಕನ್ನಡಕವನ್ನು ಮರೆತು, ಬೀಗದ ಕೈ ತರಲು ಹೊರಟುಹೋದರು.

ಹೀಗೆ ಶುರುವಾಯಿತು ಡಾಕ್ಟ್ರ ತಪಸ್ಸು. ಒಂದೂವರೆ ಗಂಟೆ.

ಮೊದಲ ಹತ್ತು ನಿಮಿಷ ಭುಜ ನೋಯಿತು, ಆಮೇಲೆ ಭುಜ ಇದೆಯೋ ಇಲ್ಲವೋ ತಿಳಿಯದಾಯಿತು. ಮೊನೆಯ ಸುರುಳಿಯಲ್ಲಿ ಜಿನುಗಿದ ನೀರು ಮುಂಗೈಗೆ ಇಳಿದು, ಮೊಣಕೈ ದಾಟಿ, ಕಂಕುಳು ಹೊಕ್ಕು, ನಡುವಿನ ಬೆಲ್ಟಿನ ಹತ್ತಿರ ಸ್ವಲ್ಪ ವಿಶ್ರಾಂತಿ ಪಡೆದು, ಎಡಗಾಲಿನ ಮೂಲಕ ಹೊರಬರುತ್ತಿತ್ತು. ಮೂಗಿನ ತುದಿ ತುರಿಸತೊಡಗಿತು. ಎರಡೂ ಕೈ ಯಂತ್ರಕ್ಕೆ ಒತ್ತೆ ಹೋಗಿದ್ದವು. ಗೋಡೆಗೇ ಮೂಗು ಉಜ್ಜಿದರು. ಗೋಡೆಗೂ ಮೂಗಿಗೂ ಸುಣ್ಣವಾಯಿತು. ಕೆಳಗೆ ಮಾತ್ರ ಒಂದು ಸಲವೂ ನೋಡಲಿಲ್ಲ.

ಸುದ್ದಿ ಕೇಳಿ ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿದರು. ಗೋಡೆ ಡಾಕ್ಟ್ರು ಗೋಡೆಗೆ ಹಣೆಯಿಟ್ಟು ಇಷ್ಟು ಹೊತ್ತು ನಿಂತದ್ದನ್ನು ಇದುವರೆಗೆ ಯಾರೂ ಕಂಡಿರಲಿಲ್ಲ. ಒಬ್ಬರು ಅವರು ಗೋಡೆಯ ಕ್ಷಮೆ ಕೇಳುತ್ತಿದ್ದಾರೆಂದರು. ಇನ್ನೊಬ್ಬರು ಮೊನೆಯ ಸುತ್ತ ಸಾಬೂನು ಮೆತ್ತಲು ಸಲಹೆ ಕೊಟ್ಟರು. ಮೆತ್ತಿದ ಮೇಲೆ ಡಾಕ್ಟ್ರ ಎಡಗಾಲಿನಿಂದ ನೊರೆ ಬರತೊಡಗಿತು. ಮೇಲಿನ ಮನೆಯ ಪೈಲ್ವಾನನಂಥ ಮನುಷ್ಯ ತಾರಸಿಯ ಬೀಗವನ್ನೇ ಕೊರೆದು ತೆಗೆಯೋಣ, ಅದಕ್ಕೇನು, ಒಂದು ಡ್ರಿಲ್ಲು ಇದ್ದರೆ ಎರಡು ನಿಮಿಷದ ಕೆಲಸ ಎಂದ. ಡ್ರಿಲ್ಲು ಯಾರ ಹತ್ತಿರವಿದೆ ಎಂದು ಎಲ್ಲರೂ ಯೋಚಿಸಿ, ಒಟ್ಟಿಗೇ ತಲೆ ಎತ್ತಿ ಮೇಲೆ ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಹೋದರು.

ಏಣಿಯ ಒಂದು ಕಾಲನ್ನು ಅಕ್ಕ, ಇನ್ನೊಂದನ್ನು ತಂಗಿ ಹಿಡಿದಿದ್ದರು. ಗಡಿಯಾರ ಅಡುಗೆಮನೆಯ ಮೇಜಿನ ಮೇಲೆ ಕ್ಷೇಮವಾಗಿತ್ತು. ಬಕೆಟ್ಟು ತುಂಬಿದಾಗ ಒಬ್ಬಳು ಎತ್ತಿ ಚೆಲ್ಲಿ ಬರುವುದು, ಆಗ ಇನ್ನೊಬ್ಬಳು ಎರಡೂ ಕಾಲು ಹಿಡಿಯುವುದು. ಅಕ್ಕನ ಮೌನದಲ್ಲಿ ಒಂದು ಸಂಶಯ ಕುದಿಯುತ್ತಿರುವುದು ಮೇಲಿದ್ದ ಡಾಕ್ಟ್ರ ಬೆನ್ನಿಗೂ ತಿಳಿಯುತ್ತಿತ್ತು. ಕೊನೆಗೆ ಅದು ಉಕ್ಕಿತು.

"ಬೇಕು ಅಂತಲೇ ಮಾಡಿಸಿದೆ ಅನ್ನಲ್ಲ ನಾನು," ಎಂದಳು ತಂಗಿಗೆ. "ಆದ್ರೆ ಅಮ್ಮನ ಗಡಿಯಾರ ನನ್ನ ಗೋಡೆ ಮೇಲೆ ಇರೋದು ಯಾರಿಗೋ ಇಷ್ಟ ಇರಲಿಲ್ಲ."

ತಂಗಿ ಏಣಿ ಬಿಟ್ಟು ಎದ್ದು ನಿಂತಳು. ಚಪ್ಪಲಿ ಹುಡುಕುತ್ತಾಳೆ ಎಂದುಕೊಂಡರು ಡಾಕ್ಟ್ರು. ಕಿವಿಯಿಂದ ಮಾತ್ರ ಅವರಿಗೆ ಲೋಕ ತಿಳಿಯುತ್ತಿತ್ತು. ಇಳಿಯುವಂತಿಲ್ಲ, ತಿರುಗುವಂತಿಲ್ಲ, ಕೈಮುಗಿಯಲು ಕೈಯಿಲ್ಲ. ಅವಳ ಹೆಜ್ಜೆ ಬಾಗಿಲ ಕಡೆಗೆ ಹೋಯಿತು. ಕಿಟಕಿಯ ಹತ್ತಿರ ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು. ಮತ್ತೆ ವಾಪಸು ಬಂತು.

"ಅಕ್ಕಾ, ಇದು ಯಾರ ಕನ್ನಡಕ?"

ಅಕ್ಕ ಕನ್ನಡಕ ತೆಗೆದುಕೊಂಡಳು. ಎರಡೂ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಸಿಮೆಂಟಿತ್ತು. ತಲೆ ಎತ್ತಿ ಏಣಿಯ ಮೇಲಿನ ಮನುಷ್ಯನನ್ನು ನೋಡಿದಳು. ನೀರಿನಿಂದ ತೊಯ್ದಿದ್ದರು, ನೊರೆಯಾಗಿದ್ದರು. ಕೂದಲು ಮಾತ್ರ ಒಣಗಿ, ಕಪ್ಪಗೆ, ಬೆಳಿಗ್ಗೆ ಬಾಚಿದ್ದು ಬಾಚಿದಂತೆಯೇ ಇತ್ತು. ಮೂಗಿನ ತುದಿಯ ಸುಣ್ಣ ಬಿಟ್ಟರೆ ಧೂಳಿನ ಒಂದು ಕಣವಿರಲಿಲ್ಲ.

"ಡಾಕ್ಟ್ರೇ, ಕೊರೆದದ್ದು ಯಾರು?"

"ನಾನೇ."

"ಧೂಳು ನಿಮ್ಮ ತಲೆ ಮೇಲೆ ಬೀಳದೆ ನಮ್ಮನೆಯವರ ಕನ್ನಡಕದ ಮೇಲೆ ಬಿತ್ತಾ?"

ಡಾಕ್ಟ್ರು ಗೋಡೆಯ ಒಳಗೆ ಹೊಕ್ಕುಬಿಡಲು ಸಾಧ್ಯವೇ ಎಂದು ಯೋಚಿಸಿದರು. "ಹೂಂ," ಎಂದರು.

ಮೊದಲು ನಕ್ಕವಳು ಅಕ್ಕ. ನಗು ತಡೆಯಲು ಏಣಿಯನ್ನು ಗಟ್ಟಿಯಾಗಿ ಹಿಡಿದಳು, ಏಣಿ ಅಲುಗಿತು, ಮೇಲಿಂದ ಒಂದು ಸಣ್ಣ ಅಯ್ಯೋ ಕೇಳಿತು. ಅದಕ್ಕೆ ತಂಗಿಯೂ ನಕ್ಕಳು. ಆಮೇಲೆ ಇಬ್ಬರೂ ಏಣಿಯ ಬುಡದಲ್ಲಿ, ನೀರಿನ ಮೇಲೆಯೇ ಕೂತು, ಆರು ವರ್ಷದ್ದನ್ನೆಲ್ಲ ಒಂದೇ ಸಲಕ್ಕೆ ನಕ್ಕರು. ಮಧ್ಯೆ ಮಧ್ಯೆ ಒಬ್ಬಳು ಅತ್ತದ್ದೂ ಕೇಳಿಸಿತು. ರಿಬ್ಬನ್ನಿನ ವಿಷಯವೂ ಬಂದು ಹೋಯಿತು. ಮೇಲೆ ಒಬ್ಬರು ಎದೆಯಿಂದ ಪೈಪು ಮುಚ್ಚಿಕೊಂಡು ನಿಂತಿದ್ದಾರೆಂಬುದನ್ನು ಕಾಲು ಗಂಟೆ ಇಬ್ಬರೂ ಪೂರ್ತಿ ಮರೆತರು. ಡಾಕ್ಟ್ರೂ ನೆನಪಿಸಲಿಲ್ಲ.

ಅತ್ತ ಷಡ್ಡಕರ ಯಾತ್ರೆ ಬೇರೆಯೇ ಕಥೆ. ಕನ್ನಡಕವಿಲ್ಲದ ಅವರು ಆಸ್ಪತ್ರೆ ಮುಟ್ಟಿದಾಗ ಸೆಕ್ರೆಟರಿಯ ಕಣ್ಣಿಗೆ ಹನಿ ಹಾಕಿ ಕೂರಿಸಿದ್ದರು. ಬೀಗದ ಕೈಗಳ ಗೊಂಚಲಿನಲ್ಲಿ ಹದಿನೇಳು ಕೈಗಳಿದ್ದವು. ತಾರಸಿಯದು ಯಾವುದೆಂದು ನೋಡಿ ಹೇಳಲು ಒಬ್ಬರಿಗೆ ಕನ್ನಡಕವಿಲ್ಲ, ಇನ್ನೊಬ್ಬರಿಗೆ ಕಣ್ಣೇ ಮಂಜು. ಹಾಗಾಗಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಸ್ಸು ಹತ್ತಿ, ಎರಡು ಸ್ಟಾಪು ಮುಂದೆ ಹೋಗಿ ಇಳಿದು, ಬೇರೆ ಯಾರದೋ ಕಟ್ಟಡದ ಮೂರನೇ ಮಹಡಿ ಹತ್ತಿ, ಅಲ್ಲಿಯವರಿಂದ ಬಯ್ಯಿಸಿಕೊಂಡು, ಕೊನೆಗೆ ಮನೆ ಸೇರಿದರು. ಹದಿನೇಳು ಕೈಗಳಲ್ಲಿ ಹದಿನಾರನೆಯದು ಬೀಗಕ್ಕೆ ಹೊಂದಿತು. ವಾಲ್ವು ಮುಚ್ಚಿತು. ಗೋಡೆಯೊಳಗೆ ಯಾರೋ ಗುಟುಕು ನುಂಗಿದಂಥ ಸದ್ದಾಗಿ ನೀರು ನಿಂತಿತು.

ಷಡ್ಡಕರು ಒಳಗೆ ಬಂದಾಗ ಹೆಂಡತಿ ಒರೆಸದೆಯೇ ಇಟ್ಟಿದ್ದ ಕನ್ನಡಕವನ್ನು ಅವರ ಮೂಗಿನ ಮೇಲೆ ಇಟ್ಟಳು.

"ಎಲ್ಲಾ ಬೆಳ್ಳಗೆ ಕಾಣ್ತಿದೆಯಲ್ಲೇ," ಎಂದರು.

"ನಮಗೆ ಸ್ಪಷ್ಟವಾಗಿ ಕಾಣ್ತಿದೆ," ಎಂದಳು ಅವಳು.

ಷಡ್ಡಕರು ಕನ್ನಡಕ ತೆಗೆದರು. ಜೇಬಿನಿಂದ ಆ ಕಬ್ಬಿಣದ ಕಡ್ಡಿಯನ್ನು ಹೊರತೆಗೆದು, ಎರಡೂ ಕೈಯಲ್ಲಿ ಹಿಡಿದು ಏಣಿಯ ಕಡೆಗೆ ಚಾಚಿದರು. ಹದಿನಾಲ್ಕನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಚ್ಚರಿಕೆಯಿತ್ತು, ಅದರ ಕಾಗುಣಿತ ತಿದ್ದಿದ್ದು ತಾವೇ, ಏನು ಬರೆದಿದೆ ಎಂದು ಮಾತ್ರ ಆಗ ಓದಿರಲಿಲ್ಲ ಎಂದರು. ಮೂವತ್ತು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ತಪ್ಪು ಅದು.

ಡಾಕ್ಟ್ರನ್ನು ಇಳಿಸಲು ನಾಲ್ಕು ಜನ ಬೇಕಾಯಿತು. ಬೆರಳುಗಳು ಯಂತ್ರವನ್ನು ಬಿಡಲೊಲ್ಲವು, ಒಂದೊಂದಾಗಿ ಬಿಡಿಸಬೇಕಾಯಿತು. ಒಂದೊಂದು ಮೆಟ್ಟಿಲಿಗೂ ಅವರು ಕಣ್ಣು ಮುಚ್ಚಿಯೇ ಕಾಲಿಟ್ಟರು. ಕುರ್ಚಿಯಲ್ಲಿ ಕೂರಿಸಿ, ಟವೆಲ್ ಹೊದಿಸಿ, ಟೀ ಕೊಟ್ಟರೆ ಲೋಟ ಹಿಡಿಯಲು ಕೈ ಬಾರದು. ಹೆಂಡತಿಯೇ ಬಾಯಿಗೆ ಹಿಡಿದಳು. ಗೋಡೆ ಒದ್ದೆಯಾದ್ದರಿಂದ ಗಡಿಯಾರದ ಮಾತು ಬಂತು.

"ಮೊದಲ ಆರು ತಿಂಗಳು ನಿಮ್ಮನೇಲೇ ಇರಲಿ ಕಣೇ," ಎಂದಳು ಅಕ್ಕ.

"ಬೇಡ ಅಕ್ಕ, ಗೋಡೆ ಒಣಗಲಿ, ನಿನ್ನ ಹತ್ರವೇ ಇರಲಿ," ಎಂದಳು ತಂಗಿ.

"ಅದ್ಯಾಕೆ, ನಾನು ಹೇಳ್ತಿದೀನಲ್ಲ—"

ಇಬ್ಬರು ಗಂಡಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಡಾಕ್ಟ್ರು ಆ ದಿನ ಮೊದಲ ಬಾರಿಗೆ ಹೂಂ ಬಿಟ್ಟು ಒಂದು ಪೂರ್ತಿ ಮಾತಾಡಿದರು: ಗಡಿಯಾರ ತಾವು ಒಯ್ಯುತ್ತೇವೆ, ಈಗಲೇ ಒಯ್ಯುತ್ತೇವೆ, ಮನೆಯಲ್ಲಿ ಕೈಗೆಟಕುವ ಎತ್ತರದಲ್ಲಿ ಹಾಕುತ್ತೇವೆ. ಯಾರೂ ಎದುರು ಮಾತಾಡಲಿಲ್ಲ. ಒಂದೂವರೆ ಗಂಟೆ ಗೋಡೆ ಹಿಡಿದವರ ಮಾತು.

ಚೀಲಕ್ಕೆ ಯಂತ್ರ ಹಾಕಿ, ಗಡಿಯಾರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕೊಡುವಾಗ ಅತ್ತಿಗೆ ತಡೆದಳು. ಊರೆಲ್ಲ ಇಪ್ಪತ್ತೆರಡು ವರ್ಷದಿಂದ ಕೇಳಬೇಕೆಂದಿದ್ದದ್ದನ್ನು ಕೇಳುವ ಹಕ್ಕು ಇವತ್ತು ತನಗೆ ಬಂದಿದೆ ಎಂಬಂತೆ ಹತ್ತಿರ ಬಂದಳು. ಷಡ್ಡಕರು ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಬಾಗಿಲಲ್ಲಿ ಮತ್ತೆ ಸೇರಿದ್ದ ಅಕ್ಕಪಕ್ಕದವರು ಕತ್ತು ಮುಂದೆ ಚಾಚಿದರು. ಸೆಕ್ರೆಟರಿ, ಏನೂ ಕಾಣದಿದ್ದರೂ, ಮುಖ ಈ ಕಡೆಗೆ ತಿರುಗಿಸಿದರು.

"ನಿಜ ಹೇಳಿ ಡಾಕ್ಟ್ರೇ. ಅಷ್ಟು ಹೊತ್ತು ಹಣೆ ಇಟ್ಕೊಂಡು ನಿಂತಿದ್ರಲ್ಲ, ಗೋಡೆ ಏನು ಹೇಳ್ತು?"

ಡಾಕ್ಟ್ರು ಗಡಿಯಾರವನ್ನು ಎದೆಗೆ ಅವಚಿಕೊಂಡರು.

"ಏನೂ ಹೇಳಲ್ಲ ಅತ್ತಿಗೆ. ನನಗೆ ಏಣಿ ಅಂದ್ರೆ ಭಯ. ಹತ್ತಿದ ತಕ್ಷಣ ತಲೆ ತಿರುಗುತ್ತೆ, ಸ್ವಲ್ಪ ಒರಗ್ಕೋತೀನಿ."